ಏಳು ಅಂಕಗಳ ಕೃಪೆ

‘ಅಕ್ಕಾ, ನಮ್ಮ ಭಾಗ್ಯಾ ಹೋದಳು.’

ಕಳೆದ ವಾರ ಬೆಳಿಗ್ಗೆ ಮೂಡಲಗಿಯಿಂದ ತಮ್ಮನ ಫೋನು. ‘ಎಲ್ಲಿಗೆ ಹೋದಳೋ?’ ಎಂದೆ.

‘ಗಣಿತದಾಗ.’

(ಇಂಥ ಸುದ್ದಿಯನ್ನು ಹೀಗೆ ಎರಡು ಕಂತಿನಲ್ಲಿ ಕೊಡುವವರಿಗೆ ಏನು ಶಿಕ್ಷೆ ಕೊಡಬೇಕು, ನೀವೇ ಹೇಳಿ.)

ಭಾಗ್ಯಾ ತಮ್ಮನ ಕಿರಿಯ ಮಗಳು. ಎಸ್ಸೆಸ್ಸೆಲ್ಸಿ. ಉಳಿದ ಐದು ವಿಷಯ ಪಾಸಾಗಿ ಗಣಿತದಲ್ಲಿ ಎರಡೇ ಎರಡು ಅಂಕ ಸಾಲದೆ ಫೇಲಾಗಿದ್ದಳು. ತಮ್ಮ ಆಗಲೇ ತೀರ್ಪು ಕೊಟ್ಟಾಗಿತ್ತು. ‘ಇನ್ನ ಸಾಲಿ ಸಾಕು. ಹುಕ್ಕೇರಿಗೆ ಅವರ ಮಾವನ ಮನಿಗೆ ಕಳಸ್ತೇನಿ, ಅಲ್ಲೆ ಟೇಲರಿಂಗ್ ಕ್ಲಾಸ್ ಐತಿ. ಆಕಿ ಒಲ್ಲೆ ಅಂತ ಊಟಾ ಬಿಟ್ಟು ಕುಂತಾಳ. ನೀ ಬಂದು ಬುದ್ಧಿ ಹೇಳು.’

ಟೇಲರಿಂಗ್ ಕೆಟ್ಟ ಕೆಲಸವೇನಲ್ಲ. ಹೇಳಿದ ದಿನಕ್ಕೆ ಬ್ಲೌಸ್ ಹೊಲಿದು ಕೊಡುವವರು ಸಿಕ್ಕರೆ ನಾನೇ ಕೈಮುಗಿದೇನು. ಆದರೆ ಬೇಡವೆನ್ನುವ ಹುಡುಗಿಯನ್ನು ದಂಡ ಹಾಕಿದಂತೆ ಅಲ್ಲಿಗೆ ಕಳಿಸುವುದೆಂದರೇನು? ಸಿಟ್ಟಿನಲ್ಲೇ ಗೋಕಾಕದ ಸ್ಟ್ಯಾಂಡಿಗೆ ಹೋಗಿ ಬಸ್ ಹತ್ತಿದೆ. ಸೀಟು ಸಿಕ್ಕಿತು. ಕೂತ ಮೇಲೆ ಮಾತ್ರ ತಲೆಯೊಳಗೆ ಬಂದವಳು ಭಾಗ್ಯಾಳ ಅಕ್ಕ, ಸುಜಾತಾ.

ಸುಜಾತಾ ಹೋದ ವರ್ಷ ಎಸ್ಸೆಸ್ಸೆಲ್ಸಿ ಪಾಸಾದಳು. ತಮ್ಮ ಗೋಕಾಕದಿಂದ ಕರದಂಟು ಒಯ್ದು ಓಣಿಗೆಲ್ಲ ಹಂಚಿದ. ಅವಳಿಗೆ ಮಾತ್ರ ಸಮಾಧಾನವಿರಲಿಲ್ಲ. ಗಣಿತದ ಲಿಖಿತ ಪರೀಕ್ಷೆಯಲ್ಲಿ ನಲವತ್ತಾದರೂ ಬರಬೇಕಿತ್ತು, ಕಾರ್ಡಿನಲ್ಲಿ ಬರೀ ಇಪ್ಪತ್ತೆಂಟು ಬಂದಿದೆ, ಯಾರೋ ಸರಿಯಾಗಿ ನೋಡಿಲ್ಲ ಎಂದು ಅವಳ ತಕರಾರು. ಉತ್ತರಪತ್ರಿಕೆಯ ನಕಲು ತರಿಸಿಕೊಡಿ ಎಂದು ನನಗೆ ಗಂಟುಬಿದ್ದಳು. ಇಲ್ಲಿಯ ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿದೆ. ನಕಲು ಬಂತು. ಅದರಲ್ಲಿದ್ದದ್ದು ಇಪ್ಪತ್ತೊಂದು. ಇಬ್ಬರೂ ಕೂತು ಮತ್ತೆ ಮತ್ತೆ ಕೂಡಿಸಿದೆವು. ಇಪ್ಪತ್ತೊಂದೇ.

ಅಂಕ ಕೇಳಲು ಹೋದವಳು ತೆಪ್ಪಗಾದಳು.

ಉಳಿದ ಏಳು ಎಲ್ಲಿಂದ ಬಂದವು? ಇದರಲ್ಲಿ ಗುಟ್ಟೇನಿಲ್ಲ. ಮಕ್ಕಳು ಪೇಪರಿನಲ್ಲಿ ಗಳಿಸಿದ್ದು ಹಾಗೆಯೇ ರಿಸಲ್ಟ್ ಆಗುವುದಿಲ್ಲ. ಎಂಬತ್ತಕ್ಕೆ ಬರೆಯುವ ಪರೀಕ್ಷೆ, ಅದರಲ್ಲಿ ಇಪ್ಪತ್ತೆಂಟು ಬೇಕು. ಇಪ್ಪತ್ತು ಆಂತರಿಕ ಅಂಕ ಶಾಲೆಯವರ ಕೈಯಲ್ಲಿ. (ಅದನ್ನು ಮದುವೆ ಮನೆಯಲ್ಲಿ ಅನ್ನ ಬಡಿಸಿದ ಹಾಗೆ ಬಡಿಸುತ್ತಾರೆ. ಸಾಕೆಂದರೂ ಕೇಳುವುದಿಲ್ಲ.) ಇಷ್ಟಾದ ಮೇಲೆ, ಈ ಸಲ ಬಹಳ ಮಕ್ಕಳು ಬಿದ್ದರು ಎಂದು ಮೇಲಿನವರಿಗೆ ಅನಿಸಿದರೆ ಕೃಪಾಂಕ ಸೇರಿಸುತ್ತಾರೆ. ನಮ್ಮ ಕಡೆ ಮಕ್ಕಳ ಬಾಯಲ್ಲಿ ಅದು ಗ್ರೇಸ್. ಗೆರೆಯ ಹತ್ತಿರ ಇದ್ದವರನ್ನು ಕೈಹಿಡಿದು ದಾಟಿಸುವ ಏರ್ಪಾಡು. ಸುಜಾತಾ ಬರೆದ ವರ್ಷ ಆ ಕೈ ಉದಾರವಾಗಿತ್ತು. ಈ ವರ್ಷ ಬೇಡವೆಂದು ಕೈಬಿಟ್ಟರು. ಕೊಟ್ಟದ್ದಕ್ಕೂ ಕಾರಣ ಇರುತ್ತದೆ, ಬಿಟ್ಟದ್ದಕ್ಕೂ ಇರುತ್ತದೆ. ನನ್ನ ತಕರಾರು ಅದಲ್ಲ. ಬೇರೆ ಬೇರೆ ವರ್ಷ ಬರೆದ ಇಬ್ಬರು ಮಕ್ಕಳು ಒಂದೇ ಮನೆಯಲ್ಲಿದ್ದರೆ ಏನು ಮಾಡಬೇಕು?

ಭಾಗ್ಯಾ ಸ್ವಂತ ಕೈಯಿಂದ ಬರೆದು ಇಪ್ಪತ್ತಾರು ತೆಗೆದಿದ್ದಾಳೆ. ಫೇಲು. ಇಪ್ಪತ್ತೊಂದು ತೆಗೆದ ಅಕ್ಕ ಕಾಲೇಜಿನಲ್ಲಿದ್ದಾಳೆ. ಹೆಸರು ಭಾಗ್ಯಾ ಎಂದಿಟ್ಟರು, ಹುಟ್ಟಿಸುವಾಗ ಒಂದು ವರ್ಷ ತಡಮಾಡಿದರು.

ಇಷ್ಟು ಹೇಳಿದರೆ ತಮ್ಮನ ಬಾಯಿ ಮುಚ್ಚಿಸಬಹುದಿತ್ತು. ಆದರೆ ನಕಲು ಬಂದ ದಿನ ಸುಜಾತಾ ನನ್ನ ಕೈ ಹಿಡಿದುಕೊಂಡು, ‘ಅತ್ತೀ, ಅಪ್ಪಗ ಹೇಳಬ್ಯಾಡ್ರಿ. ಕಾಲೇಜ್ ಬಿಡಸ್ತಾನ’ ಎಂದಿದ್ದಳು. ನಾನು ಮಾತು ಕೊಟ್ಟಿದ್ದೆ. ಈಗ ತಂಗಿಯನ್ನು ಎತ್ತಲು ಹೋದರೆ ಅಕ್ಕ ಬೀಳುತ್ತಾಳೆ. ನನ್ನ ತಮ್ಮನನ್ನು ನಾನು ಬಲ್ಲೆ. ಇಬ್ಬರನ್ನೂ ಒಂದೇ ಬಸ್ಸಿನಲ್ಲಿ ಹುಕ್ಕೇರಿಗೆ ಕಳಿಸುವ ಆಸಾಮಿ.

ಅವನದು ಮುಂದೆ ಪೈಪಿನ ಅಂಗಡಿ, ಹಿಂದೆ ಮನೆ. ನಾನು ಹೋದಾಗ ಭಾಗ್ಯಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ‘ಎರಡ ಮಾರ್ಕಿನ ಮಾತು. ಎರಡನೇ ಪರೀಕ್ಷಾ ಐತಲ್ಲ, ಇನ್ನೊಮ್ಮೆ ಬರೀಲಿ’ ಎಂದೆ.

‘ಎರಡ ಇರಲಿ, ಇಪ್ಪತ್ತ ಇರಲಿ. ಪಾಸ್ ಅಂದ್ರ ಪಾಸ್, ನಪಾಸ್ ಅಂದ್ರ ನಪಾಸ್. ಅದ ಸಾಲಿ, ಅದ ಮಾಸ್ತರು. ಸುಜಾತಾ ಓದಿ ಪಾಸಾಗಲಿಲ್ಲೇನು? ಈಕಿಗ್ಯಾಕ ಆಗಲಿಲ್ಲ?’

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಚಹಾ ಕುಡಿದೆ. ನಾನು ಬಾಯಿ ಮುಚ್ಚಿಕೊಂಡು ಕೂತದ್ದನ್ನು ನೋಡಿ ತಮ್ಮನ ಹೆಂಡತಿ, ‘ಯಾಕ್ರಿ ಅಕ್ಕಾರ, ಆರಾಮಿಲ್ಲೇನ್ರಿ?’ ಎಂದು ಕೇಳಿದಳು.

ಆಗ ಸುಜಾತಾ ಒಳಗಿನಿಂದ ಬಂದಳು. ನನ್ನ ಕಡೆ ನೋಡಲಿಲ್ಲ.

‘ಅಪ್ಪಾ, ಹೋದ ವರ್ಷ ಗಣಿತದಾಗ ನಾ ಬರದದ್ದು ಇಪ್ಪತ್ತೊಂದ. ಮ್ಯಾಲಿನ ಏಳು ಗ್ರೇಸ್. ಭಾಗ್ಯಾಂದು ಇಪ್ಪತ್ತಾರು ಆಕೀದ. ಸಾಲಿ ಬಿಡಸೂದ ಇದ್ರ ಮೊದಲ ನಂದು ಬಿಡಸು.’

ತಮ್ಮ ನನ್ನತ್ತ ತಿರುಗಿದ. ‘ಖರೇ ಏನಕ್ಕಾ?’

‘ಖರೇ.’

ಅಷ್ಟರಲ್ಲಿ ಅಂಗಡಿಗೆ ಯಾರೋ ಪೈಪು ಕೇಳಿಕೊಂಡು ಬಂದರು. ಎದ್ದು ಹೋಗಿ ಕೊಟ್ಟು ಬಂದ. ಸುಜಾತಾ ನಿಂತೇ ಇದ್ದಳು, ಕಾಲ ಬೆರಳಿನಿಂದ ನೆಲ ಒತ್ತುತ್ತ. ನನಗೆ ಹೆದರಿಕೆಯಾಯಿತು, ಖರೆ ಹೇಳುತ್ತೇನೆ.

‘ಮತ್ತ ನಾ ಓಣಿಗೆಲ್ಲ ಕರದಂಟು ಹಂಚಿದ್ನಲ್ಲ?’ ಎಂದ ಕೊನೆಗೆ.

ಮೊದಲು ನಕ್ಕವಳು ಗೋಡೆಯ ಕಡೆ ಮಲಗಿದ್ದ ಭಾಗ್ಯಾ. ಆಮೇಲೆ ಅವಳ ಅವ್ವ. ತಮ್ಮ ನಗಲಿಲ್ಲ. ಸುಜಾತಾಳನ್ನು ನೋಡಿ, ‘ಎರಡನೇ ಪರೀಕ್ಷಾ ಯಾವಾಗ ಐತಿ ಕೇಳು. ಕಾಲೇಜಿಗೆ ಹೋಗುವಾಗ ಆಕೀ ಫೀ ನೀನ ತುಂಬಿ ಹೋಗು’ ಎಂದ. ಒಂದೇ ಮಾತಿನಲ್ಲಿ ಇಬ್ಬರೂ ಉಳಿದರು.

ಸುಜಾತಾ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ‘ಆಕಿಗೆ ಬರತೈತ್ರಿ ಅತ್ತಿ, ಅಂಜತಾಳ ಅಷ್ಟ’ ಎಂದಳು, ತಂಗಿಯ ಬಗ್ಗೆ. ಸುಮ್ಮನಿದ್ದಿದ್ದರೆ ಅವಳಿಗೇನೂ ನಷ್ಟವಿರಲಿಲ್ಲ. ಆ ಹುಡುಗಿಯ ಮೇಲೆ ನನಗೆ ಬಂದ ಪ್ರೀತಿಯನ್ನು ಅಲ್ಲಿ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮೇಲಿನವರು ಕೈಬಿಟ್ಟ ಕೃಪಾಂಕವನ್ನು ಈ ವರ್ಷ ಭಾಗ್ಯಾಳಿಗೆ ಅವಳ ಅಕ್ಕ ಕೊಟ್ಟಳು. ಇದನ್ನು ಯಾವ ಮಾರ್ಕ್ಸ್ ಕಾರ್ಡಿನಲ್ಲಿ ಹಾಕುತ್ತಾರೆ?