ವಿಮಾನದ ಚನ್ನವೀರಪ್ಪನವರ ಕೆಂಪು ಪಟ್ಟಿ

ಯಾರ ಮನೆಗೆ ಹೋದರೂ ಚನ್ನವೀರಪ್ಪನವರು ಮೊದಲು ಮಾತಾಡಿಸುತ್ತಿದ್ದುದು ಸ್ವಿಚ್‌ಬೋರ್ಡನ್ನು. ಮಗುವಿಗೆ ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ ಅದರ ಮೇಲೆ ಕೈಯ ಹಿಂಬದಿಯನ್ನು ಇಡುತ್ತಿದ್ದರು. ಆಮೇಲೆ ತಂತಿ ಹೋದ ದಾರಿಯಲ್ಲೇ ಗೋಡೆ ಸವರುತ್ತ ಹೋಗಿ, ಎಲ್ಲ ತಣ್ಣಗಿದೆ ಅನ್ನಿಸಿದ ಮೇಲೆ ನಮ್ಮ ಕಡೆ ತಿರುಗಿ "ಆರಾಮ ಇದೀರಾ?" ಎನ್ನುತ್ತಿದ್ದರು. ಮದುವೆ ಮನೆಯಲ್ಲೂ ಹೀಗೆಯೇ, ಸಾವಿನ ಮನೆಯಲ್ಲೂ ಹೀಗೆಯೇ. ಅಂಗೈಯಲ್ಲಿ ಯಾಕೆ ಮುಟ್ಟುವುದಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಕರೆಂಟ್ ಹೊಡೆದ್ರೆ ಬೆರಳು ಮಡಚ್ಕೊಂತಾವ್ರಿ ತಂಗಿ. ಅಂಗೈ ಇಟ್ರೆ ಅದನ್ನೇ ಹಿಡ್ಕೊಂಡು ಬಿಡ್ತೀವಿ. ಹಿಂದಿನ ಕೈ ಆದ್ರೆ ತಾನಾಗೇ ಬಿಡಿಸ್ಕೊಂತೈತಿ" ಎಂದಿದ್ದರು.

ಅವರ ಇನ್ನೊಂದು ಗುರುತು, ಕೂರದೇ ಇರುವುದು. ಚಹಾ ನಿಂತೇ ಕುಡಿಯುತ್ತಿದ್ದರು, ಅದೂ ಓಡಾಡುತ್ತ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿಯಿದ್ದರೂ ಶಿಕಾರಿಪುರದಿಂದ ಸೊರಬದವರೆಗೆ ಕಂಬಿ ಹಿಡಿದು ನಿಂತೇ ಬರುತ್ತಾರೆ ಎಂದು ಕಂಡಕ್ಟರು ನಗುತ್ತಿದ್ದ. ನಾನು ಕುರ್ಚಿ ಹಾಕಿದರೆ ಅದರ ಮೇಲೆ ಚೀಲ ಇಡುತ್ತಿದ್ದರು. "ನಿಂತ್ರೆ ಮಿಷನ್ನಿನ ಸದ್ದು ಅಂಗಾಲಿಗೆ ಗೊತ್ತಾಗ್ತೈತಿ. ಕುಂತ್ರೆ ಏನ್ ಗೊತ್ತಾಗ್ತೈತಿ, ಕುರ್ಚಿ ಗೊತ್ತಾಗ್ತೈತಿ" ಎನ್ನುವುದು ಅವರ ವಾದ.

ಸೊರಬದ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಹಿಟ್ಟಿನ ಗಿರಣಿ. ಗಂಡ ತೀರಿಕೊಂಡ ಮೇಲೆ ಅದು ನನ್ನ ಕೊರಳಿಗೆ ಬಿತ್ತು. ಮೋಟಾರಿನ ಸದ್ದು ನಿಂತರೆ ನನ್ನ ಎದೆಯೇ ನಿಂತ ಹಾಗಾಗುತ್ತದೆ, ಇವತ್ತಿಗೂ. ಡಬ್ಬಿ ಹಿಡಿದು ನಿಂತವರು ಎದುರಿನ ರಸ್ತೆಯ ಇನ್ನೊಂದು ಗಿರಣಿಗೆ ಹೋಗಿಬಿಟ್ಟರೆ ಎಂಬ ಭಯ ಒಂದು ಕಡೆ. ನಾನು ಹುಟ್ಟಿದ್ದೇ ಹಾಗೆ ಎಂಬುದು ಇನ್ನೊಂದು ಕಡೆ. ಉಪ್ಪಿಟ್ಟಿನ ರವೆ ಹುರಿಯುವಷ್ಟು ಹೊತ್ತೂ ಒಂದೆಡೆ ನಿಲ್ಲಲಾರೆ ಎಂದು ನಮ್ಮ ಅತ್ತೆ ಬೈಯುತ್ತಾರೆ. ಹೀಗಾಗಿ ಪ್ರತಿ ಮಂಗಳವಾರ ಸೊರಬದ ಮೋಟಾರುಗಳನ್ನು ನೋಡಲು ಚನ್ನವೀರಪ್ಪನವರು ಬಂದರೆ ಗಿರಣಿಯಲ್ಲಿ ಕೂರದವರು ಇಬ್ಬರಾಗುತ್ತಿದ್ದೆವು.

ಅವರು ವಾಯುಪಡೆಯಲ್ಲಿ ವಿಮಾನದ ಎಲೆಕ್ಟ್ರಿಷಿಯನ್ ಆಗಿದ್ದವರು. ಅಲ್ಲಿಂದ ನಿವೃತ್ತರಾಗಿ ಶಿಕಾರಿಪುರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಕೈಯಲ್ಲಿ ಉಂಗುರವಿಲ್ಲ, ಗಡಿಯಾರವಿಲ್ಲ. ಎದೆಯ ಮೇಲಿನ ಲಿಂಗವನ್ನೂ ಬೆಳ್ಳಿಯ ಕರಡಿಗೆ ಬಿಟ್ಟು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದರು. ಲೋಹ ಮೈಮೇಲಿದ್ದರೆ ತಂತಿಯ ಹತ್ತಿರ ಬಗ್ಗಬಾರದಂತೆ. ಊರಲ್ಲಿ ಎಲ್ಲರೂ ಅವರನ್ನು ವಿಮಾನದ ಚನ್ನವೀರಪ್ಪ ಎಂದೇ ಕರೆಯುತ್ತಿದ್ದುದು. ನನ್ನ ಹತ್ತು ಅಶ್ವಶಕ್ತಿಯ ಮೋಟಾರನ್ನು ಬಿಚ್ಚುತ್ತ ಅವರು ಹೇಳುತ್ತಿದ್ದುದೂ ವಿಮಾನದ ಕಥೆಯನ್ನೇ.

"ನಿಮ್ಮ ಗಿರಣಿಗೆ ಕಂಬದಿಂದ ಕರೆಂಟ್ ಬರ್ತೈತಿ. ಮ್ಯಾಲೆ ಹಾರೋದಕ್ಕೆ ಯಾವ ಕಂಬ ಐತ್ರಿ? ತನ್ನ ಕರೆಂಟ್ ತಾನೇ ಮಾಡ್ಕೋಬೇಕು."

ಒಂದೊಂದು ಎಂಜಿನ್ನಿಗೂ ಒಂದೊಂದು ಜನರೇಟರ್. ಆದರೆ ಎಂಜಿನ್ ಏರುವಾಗ ಜೋರಾಗಿ ತಿರುಗುತ್ತದೆ, ಇಳಿಯುವಾಗ ನಿಧಾನ. ಜನರೇಟರ್ ಮಾತ್ರ ಯಾವಾಗಲೂ ಒಂದೇ ವೇಗದಲ್ಲಿ ತಿರುಗಬೇಕು, ಇಲ್ಲವಾದರೆ ಕರೆಂಟಿನ ಲಯ ಕೆಡುತ್ತದೆ. ಅದಕ್ಕೆಂದು ಎರಡರ ನಡುವೆ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ ಒಂದು ಪೆಟ್ಟಿಗೆ ಇರುತ್ತದಂತೆ. ಎಂಜಿನ್ ಎಷ್ಟೇ ಕುಣಿದರೂ ಆ ಪೆಟ್ಟಿಗೆ ಜನರೇಟರನ್ನು ಒಂದೇ ಹದದಲ್ಲಿ ನಡೆಸುತ್ತದೆ. ನಮ್ಮ ಕಂಬದ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡಿದರೆ ವಿಮಾನದ್ದು ನಾನೂರು ಸಲ. ಹಾಗೆ ಮಾಡಿದರೆ ಮೋಟಾರು, ಟ್ರಾನ್ಸ್‌ಫಾರ್ಮರುಗಳನ್ನೆಲ್ಲ ಸಣ್ಣದಾಗಿ, ಹಗುರಾಗಿ ಮಾಡಬಹುದು. "ನಿಮ್ಮ ಈ ಮೋಟಾರ್ ಹೊತ್ಕೊಂಡ್ರೆ ವಿಮಾನ ಮ್ಯಾಲೇಳಂಗಿಲ್ಲ" ಎಂದು ನನ್ನ ಮೋಟಾರಿನ ಬೆನ್ನು ತಟ್ಟುತ್ತಿದ್ದರು.

ಆ ಪೆಟ್ಟಿಗೆ ಬಿಸಿಯಾದರೆ ಪೈಲಟ್ ಒಂದು ಸ್ವಿಚ್ ಎಳೆದು ಜನರೇಟರನ್ನು ಎಂಜಿನ್ನಿನಿಂದ ಬಿಡಿಸಿಬಿಡುತ್ತಾನೆ. ಬಿಡಿಸಿದ್ದನ್ನು ಆಕಾಶದಲ್ಲಿ ಮತ್ತೆ ಜೋಡಿಸಲು ಬರುವುದಿಲ್ಲ. ನೆಲಕ್ಕಿಳಿದು, ಎಂಜಿನ್ ನಿಂತ ಮೇಲೆಯೇ. ಎಲ್ಲ ಜನರೇಟರುಗಳೂ ಕೈಕೊಟ್ಟರೆ ಉಳಿಯುವುದು ಬ್ಯಾಟರಿ. ಅದು ಅರ್ಧ ಗಂಟೆ ನಡೆದರೆ ಹೆಚ್ಚು. ಆಗ ಬೇಡವಾದ್ದನ್ನೆಲ್ಲ ಬಿಡಬೇಕು. ಮೊದಲು ಊಟ ಬಿಸಿ ಮಾಡುವ ಒಲೆ, ಆಮೇಲೆ ದೀಪ, ಹೀಗೆ ಬಿಡುತ್ತ ಬಿಡುತ್ತ ದಾರಿ ತೋರಿಸುವ ಮುಳ್ಳು ಮತ್ತು ಮಾತಾಡುವ ರೇಡಿಯೋ ಇಷ್ಟನ್ನು ಉಳಿಸಿಕೊಳ್ಳಬೇಕು. ನಾವು ಇಲ್ಲಿ ಲೋಡ್ ಶೆಡ್ಡಿಂಗ್ ಎಂದರೆ ಶಾಪ ಹಾಕುತ್ತೇವೆ. ಅವರು ಆ ಮಾತನ್ನು ದೇವರ ಹೆಸರಿನ ಹಾಗೆ ಹೇಳುತ್ತಿದ್ದರು.

ಅವರ ಎರಡು ನಿಯಮಗಳು ನನಗೆ ಆಗಿಬರುತ್ತಿರಲಿಲ್ಲ. ಫ್ಯೂಸ್ ಹೋದರೆ ತಣ್ಣಗಾಗಲು ಬಿಟ್ಟು ಒಂದೇ ಒಂದು ಸಲ ತಂತಿ ಕಟ್ಟಿ ನೋಡಬೇಕು. ಮತ್ತೆ ಹೋಯಿತೋ, ಕಾರಣ ಸಿಗುವವರೆಗೆ ಮುಟ್ಟಬಾರದು. ಇನ್ನೊಂದು, ನಿಲ್ಲಿಸಿದ ಮಿಷನ್ನಿನ ಸ್ವಿಚ್ಚಿಗೆ ಅವರು ಚೀಲದಿಂದ ಒಂದು ಕೆಂಪು ಬಟ್ಟೆಯ ಪಟ್ಟಿ ತೆಗೆದು ಕಟ್ಟುತ್ತಿದ್ದರು. ಅದನ್ನು ಅವರೇ ಬಿಚ್ಚಬೇಕು, ಬೇರೆಯವರು ಬಿಚ್ಚಕೂಡದು.

ಚೌತಿಯ ಹಿಂದಿನ ದಿನದ್ದು ನನಗೆ ಮರೆಯುವುದಿಲ್ಲ. ಕಡುಬಿನ ಹಿಟ್ಟಿಗೆ ಅಕ್ಕಿ ಹಿಡಿದವರ ಸಾಲು ರಸ್ತೆಯವರೆಗೆ ಇತ್ತು. ಫ್ಯೂಸ್ ಹೋಯಿತು. ಪುಣ್ಯಕ್ಕೆ ಮಂಗಳವಾರ, ಚನ್ನವೀರಪ್ಪನವರು ಅಲ್ಲೇ ಇದ್ದರು. ತಂತಿ ಕಟ್ಟಿದರು, ಮತ್ತೆ ಹೋಯಿತು. ಅವರು ಮೂರೂ ಪಿಂಗಾಣಿ ಫ್ಯೂಸುಗಳನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಪಟ್ಟಿ ಕಟ್ಟಿದರು.

"ಬೇರಿಂಗ್ ಹೋಗೈತಿ. ಮೋಟಾರ್ ತಿರುಗಾಕೆ ಏದುಸಿರು ಬಿಡ್ತೈತಿ, ಅದಕ್ಕೇ ಜಾಸ್ತಿ ಕರೆಂಟ್ ಎಳೀತೈತಿ. ಅಂಗಡಿಗೆ ಹೋಗಿ ಹೊಸಾದು ತರ್ತೀನಿ."

"ಎಂತ ಮಾತು ಅಣ್ಣಾ ಇದು! ನೀವು ಶಿಕಾರಿಪುರಕ್ಕೆ ಹೋಗಿ ಬರೋ ಹೊತ್ತಿಗೆ ಇವರ ಗಣಪತಿ ಬಿಟ್ಟೂ ಆಗಿರ್ತದೆ" ಎಂದು ಕೂಗಾಡಿದೆ. ಅವರಾಗಲೇ ಬಸ್ಸಿನತ್ತ ನಡೆದಿದ್ದರು.

ಸಾಲಿನಲ್ಲಿದ್ದ ಇಬ್ಬರು ಡಬ್ಬಿ ಎತ್ತಿಕೊಂಡು ಹೊರಟರು. ನನಗೆ ತಡೆಯಲಾಗಲಿಲ್ಲ. ಗಂಡನ ಕಾಲದ ಹಳೆಯ ಫ್ಯೂಸುಗಳು ತಗಡಿನ ಪೆಟ್ಟಿಗೆಯಲ್ಲಿದ್ದವು. ನಮ್ಮ ಕಡೆ ಎಲ್ಲರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ: ದಪ್ಪ ತಂತಿಯ ಎಳೆಗಳನ್ನು ಮೂರು ಮೂರು ಹೊಸೆದು, ಹೋಗುವ ಮಾತೇ ಇಲ್ಲದ ಹಾಗೆ ಕಟ್ಟಿ, ಪಟ್ಟಿ ಬಿಚ್ಚಿ ಎಸೆದೆ. ಗಿರಣಿ ಓಡಿತು. ಗೆದ್ದೆ ಅನ್ನಿಸಿತು.

ಮಧ್ಯಾಹ್ನದ ಬಸ್ಸಿಗೆ ಅವರು ವಾಪಸ್ ಬಂದಾಗಲೂ ಓಡುತ್ತಲೇ ಇತ್ತು. ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಗೋಡೆಗೆ ಕೈಯ ಹಿಂಬದಿ ಇಟ್ಟು ತಟ್ಟನೆ ತೆಗೆದರು. ಹೋಗಿ ಮೇನ್ ಸ್ವಿಚ್ ಕೆಳಗೆಳೆದರು. ಎಲ್ಲ ಸ್ತಬ್ಧ.

"ಯಾರು ಕಟ್ಟಿದ್ದು?"

"ನಾನೇ."

"ಈ ಗೋಡೆ ಆಚೆ ಯಾರದಾರೆ?"

ಗೋಡೆಯ ಆಚೆ ನಮ್ಮ ಅತ್ತೆ ಮಲಗಿದ್ದರು. ಊಟವಾದ ಮೇಲೆ ದಿನಾ ಅಲ್ಲಿಯೇ, ಗೋಡೆಗೆ ಬೆನ್ನು ಕೊಟ್ಟು. ಚನ್ನವೀರಪ್ಪನವರು ಪೈಪಿನ ಬಾಯಿಂದ ತಂತಿ ಎಳೆದು ತೋರಿಸಿದರು. ಅದರ ಮೇಲಿನ ಪ್ಲಾಸ್ಟಿಕ್ಕು ಪಾಕದ ಬೆಲ್ಲದ ಹಾಗೆ ಮೆತ್ತಗಾಗಿ ಬೆರಳಿಗಂಟುತ್ತಿತ್ತು. ಅದರ ಪಕ್ಕದಲ್ಲೇ ಗೋಣಿಚೀಲ ನೇತುಹಾಕಿದ್ದೆ. ತೊಲೆಯ ಮೇಲೆ ವರ್ಷಗಳ ಹಿಟ್ಟಿನ ಧೂಳಿತ್ತು. ಆ ಚೀಲವನ್ನು ಇಳಿಸಿ ದೂರ ಇಟ್ಟೆ.

"ಫ್ಯೂಸ್ ಇರೋದು ಮಿಷನ್ನಿಗೆ ಅಂದ್ಕೊಂಡೀರಿ ತಂಗಿ. ಅದು ಇರೋದು ತಂತಿಗೆ. ಮೋಟಾರ್ ಸುಟ್ರೆ ಇನ್ನೊಂದು ತರಬೌದು. ತಂತಿ ಗೋಡೆ ತುಂಬ ಹೋಗಿರ್ತೈತಿ, ಅದು ಸುಟ್ರೆ ಮನೀನೇ ಸುಡ್ತೈತಿ. ವಿಮಾನದಾಗೂ ಅಷ್ಟೇ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಓಡಾಡುತ್ತಲೇ ತಮ್ಮದೊಂದು ಕಥೆ ಹೇಳಿದರು. ವಿಮಾನದಲ್ಲಿ ಫ್ಯೂಸಿನ ಬದಲು ಗುಂಡಿಗಳ ಸಾಲು ಇರುತ್ತದೆ. ಕರೆಂಟು ಹೆಚ್ಚಾದರೆ ಗುಂಡಿ ಹೊರಗೆ ಹಾರಿ, ಅದರ ಬುಡದಲ್ಲಿ ಬೆಳ್ಳನೆಯ ಉಂಗುರ ಕಾಣುತ್ತದೆ. ಒಮ್ಮೆ ನೆಲದ ಮೇಲೆ ಪರೀಕ್ಷೆ ಮಾಡುವಾಗ ಒಂದು ಗುಂಡಿ ಹಾರಿತು. ಒತ್ತಿದರು, ಮತ್ತೆ ಹಾರಿತು. ಹೊರಡುವ ಹೊತ್ತಾಗಿತ್ತು, ಎಲ್ಲರಿಗೂ ಅವಸರ. ಮೂರನೇ ಸಲ ಒತ್ತಿ ಹಿಡಿದರು. ತಂತಿಗಳ ಕಟ್ಟು ಹೊತ್ತಿಕೊಂಡಿತು, ಅದರೊಳಗೆ ಅವರ ಜೊತೆಗಾರ ಬಲಗೈ ಹಾಕಿದ್ದ.

"ಅವನು ಇವತ್ತಿಗೂ ಎಡಗೈಯಾಗೆ ಉಣ್ತಾನೆ. ಮೂರನೇ ಸಲ ಒತ್ತಿದ್ದು ಈ ಬೆರಳು."

ತಮ್ಮ ಹೆಬ್ಬೆರಳನ್ನು ಮುಂದೆ ಚಾಚಿದರು. ಆ ಮನುಷ್ಯ ಯಾಕೆ ಕೂರುವುದಿಲ್ಲ ಎಂದು ನನಗೆ ಅವತ್ತು ಸ್ವಲ್ಪ ತಿಳಿಯಿತು. ನಾನು ಎಸೆದಿದ್ದ ಪಟ್ಟಿಯನ್ನು ಹುಡುಕಿ ತಂದು, ಹಿಟ್ಟು ಕೊಡವಿ ಅವರ ಕೈಗೆ ಕೊಟ್ಟೆ.

ಕಳೆದ ಬೇಸಿಗೆಯಲ್ಲಿ ಖಾರದ ಪುಡಿಯ ಮಿಷನ್ನು ಕೆಟ್ಟಿತು. ಮದುವೆಗಳ ಕಾಲ, ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತಿದ್ದವು. ಫ್ಯೂಸ್ ಎರಡು ಸಲ ಹೋಯಿತು. ಚನ್ನವೀರಪ್ಪನವರು ಬಂದರು, ಆದರೆ ಗೋಡೆ ಹಿಡಿದುಕೊಂಡು ಉಸಿರು ಎಳೆಯುತ್ತಿದ್ದರು. ಕುರ್ಚಿ ಹಾಕಿದೆ, ಎಂದಿನಂತೆ ಚೀಲ ಇಟ್ಟರು. ಬಗ್ಗಿ ನೋಡಲು ಆಗಲಿಲ್ಲ. "ಮುಂದಿನ ಮಂಗಳವಾರ ಹುಡುಕ್ತೀನಿ ತಂಗಿ" ಎಂದು ಪಟ್ಟಿ ಕಟ್ಟಿ ಹೋದರು.

ಆ ಮಂಗಳವಾರ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. ಫೋನು ಮಾಡಿದರೆ ಅವರ ಹೆಂಡತಿ, ಮಾತಾಡಿದರೆ ದಮ್ಮು ಹತ್ತುತ್ತದೆ ಎಂದರು. ಚೀಲಗಳು ಒಂದೊಂದಾಗಿ ಎದುರಿನ ಗಿರಣಿಗೆ ಹೋಗುತ್ತಿದ್ದವು. ನಾನು ಒಳಗೂ ಹೊರಗೂ ಸುತ್ತಿದೆ. ಕೊನೆಗೆ ಮೇನ್ ಆರಿಸಿ, ಅವರು ಮಾಡುತ್ತಿದ್ದ ಹಾಗೆ ತಂತಿ ಹೋದ ದಾರಿಯನ್ನೇ ಹಿಡಿದು ನೋಡುತ್ತ ಹೋದೆ. ಕಬ್ಬಿಣದ ಪೈಪಿನ ಬಾಯಿಯಲ್ಲಿ ತಂತಿ ಮಿಷನ್ನಿನ ಅಲುಗಾಟಕ್ಕೆ ತಿಕ್ಕಿ ತಿಕ್ಕಿ ತಾಮ್ರ ಕಾಣುತ್ತಿತ್ತು. ಆ ತಂತಿ ತೆಗೆದು ಹೊಸದು ಎಳೆದೆ, ಪೈಪಿನ ಬಾಯಿಗೆ ಸೈಕಲ್ ಟ್ಯೂಬು ಸುತ್ತಿದೆ. ಕೆಲಸ ಮುಗಿಯಿತು. ಸ್ವಿಚ್ಚಿನ ಮೇಲೆ ಕೆಂಪು ಪಟ್ಟಿ ಹಾಗೇ ಇತ್ತು.

"ಒಂದು ಬಟ್ಟೆ ಚೂರಿಗೆ ಹೆದರ್ತೀಯಲ್ಲೆ, ಬಿಚ್ಚು ಮಾರಾಯ್ತಿ" ಎಂದರು ಅತ್ತೆ.

ಬಿಚ್ಚಲು ಕೈ ಬರಲಿಲ್ಲ. ಶಿಕಾರಿಪುರದ ಬಸ್ಸು ಹತ್ತಿದೆ.

ಅವರು ಮಂಚದ ಮೇಲೆ ಮಲಗಿದ್ದರು. ಮಲಗಿದಲ್ಲೂ ಪಾದಗಳು ಸುಮ್ಮನಿರಲಿಲ್ಲ. ಮೊದಲು ಪೇಪರ್ ಬಿಟ್ಟರು, ಆಮೇಲೆ ಟಿವಿ, ಈಗ ಜನರ ಹತ್ತಿರ ಮಾತಾಡುವುದನ್ನೂ ಬಿಟ್ಟಿದ್ದಾರೆ, ಇವತ್ತು ಮಂಗಳವಾರವೇ ಎಂದು ಕೇಳುವುದೊಂದನ್ನು ಬಿಟ್ಟಿಲ್ಲ ಎಂದು ಅವರ ಹೆಂಡತಿ ಹೇಳಿದರು.

"ಬ್ಯಾಟರಿ ಮ್ಯಾಲೆ ನಡದೈತಿ ತಂಗಿ" ಎಂದು ನಕ್ಕರು. "ಏನ್ ಸಿಕ್ತು, ಹೇಳ್ರಿ."

ಹೇಳಿದೆ. ಕಣ್ಣು ಮುಚ್ಚಿ ಕೇಳಿದರು.

"ಎಂಥಾ ತಂತಿ ಹಾಕಿದ್ರಿ? ಮೊದಲಿಂದಷ್ಟೇ ದಪ್ಪಾನಾ?"

"ಅಷ್ಟೇ."

"ಫ್ಯೂಸು?"

"ನೀವು ಕೊಟ್ಟ ಸಣ್ಣ ತಂತಿಯದು. ಒಂದೇ ಎಳೆ."

"ಮತ್ತೆ ಹೋದ್ರೆ?"

"ಮುಟ್ಟದಿಲ್ಲ ಅಣ್ಣಾ."

"ಹಂಗಾರೆ ಬಿಚ್ರಿ. ಡ್ಯೂಟಿ ಬದಲಾಗುವಾಗ ನಾವು ಹಿಂಗೇ ಕೇಳಿ ಒಪ್ಪಿಸ್ತಿದ್ವಿ. ಇನ್ಮ್ಯಾಲೆ ಅದು ನಿಮ್ಮದು." ಆಮೇಲೆ ಕೈ ಚಾಚಿ, ಕೈಯ ಹಿಂಬದಿಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟರು. "ಬಿಸಿ ಐತಲ್ರಿ. ಎಷ್ಟು ಎಳಕೊಂತೀರಿ ಮೈಮ್ಯಾಲೆ? ಒಂದೀಟು ಕುಂದ್ರಿ."

"ಮೂರೂವರೆ ಬಸ್ಸು ತಪ್ಪಿಹೋಗ್ತದೆ ಅಣ್ಣಾ. ಮೆಣಸಿನಕಾಯಿ ಬಿದ್ದದೆ. ಮಂಗಳವಾರ ಬಂದು ಕೂರ್ತೀನಿ."

"ಹೋಗ್ರಿ, ಹೋಗ್ರಿ. ನಾನೂ ಹಿಂಗೇ ಅಂದಿದ್ದು ಎಲ್ರಿಗೂ" ಎಂದರು.

ಊರಿಗೆ ಬಂದು ಪಟ್ಟಿ ಬಿಚ್ಚಿ ಸ್ವಿಚ್ ಹಾಕಿದೆ. ಒಂದೇ ಸಲಕ್ಕೆ ಓಡಿತು. ಅವರಿಗೆ ತಿಳಿಸೋಣವೆಂದು ಫೋನು ತೆಗೆದವಳು, ಈ ಚೀಲ ಮುಗಿಯಲಿ ಎಂದುಕೊಂಡೆ. ಆ ಚೀಲವಾದ ಮೇಲೆ ಇನ್ನೊಂದು ಬಂತು. ಸೋಮವಾರ ಬೆಳಗ್ಗೆ ಅವರ ಮನೆಯಿಂದಲೇ ಫೋನು ಬಂತು.

ಮೇನ್ ಸ್ವಿಚ್ ಕೆಳಗೆಳೆದು, ಆ ಪಟ್ಟಿಯನ್ನೇ ಕಟ್ಟಿ ಹೊರಟೆ. ಅವರ ಮನೆಯೊಳಗೆ ಕಾಲಿಟ್ಟವಳು ಮೊದಲು ಬಾಗಿಲ ಪಕ್ಕದ ಸ್ವಿಚ್‌ಬೋರ್ಡಿನ ಮೇಲೆ ಕೈಯ ಹಿಂಬದಿ ಇಟ್ಟೆ. ತಣ್ಣಗಿತ್ತು. ಆಮೇಲೆ ತಿರುಗಿ ನೋಡಿದೆ.

ನಮ್ಮವರಲ್ಲಿ ಸತ್ತವರನ್ನು ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುವುದು ಪದ್ಧತಿ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿ, ಚನ್ನವೀರಪ್ಪನವರನ್ನು ಕೂರಿಸಿದ್ದರು. ಇಷ್ಟು ವರ್ಷಗಳಲ್ಲಿ ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಳು ತಡೆಯಲಾಗಲಿಲ್ಲ.

ಅವರ ಎದುರಿಗೆ ಚಾಪೆಯ ಮೇಲೆ ಕೂತೆ. ಹೊರಗೆ ಸೊರಬದ ಬಸ್ಸಿನ ಹಾರ್ನು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಸ್ಸಿನದೂ ಕೇಳಿತು. ನಾನು ಏಳಲಿಲ್ಲ.