ಮೀಟರಿನ ಮುಳ್ಳು ಕೆಂಪಿಗೆ ಹೋದದ್ದು

ನನ್ನ ಚಿಕ್ಕ ಮಗಳ ಗಂಡ ಲಾರಿ ಓಡಿಸುತ್ತಾನೆ. ಲಾರಿ ಅವನದಲ್ಲ, ಗುಂಡ್ಲುಪೇಟೆಯ ಒಬ್ಬ ಯಜಮಾನರದು. ನಮ್ಮ ಹಂಗಳದ ಸುತ್ತಮುತ್ತ ಬೆಳೆಯುವ ಕೋಸು, ಟೊಮೆಟೊ ತುಂಬಿಕೊಂಡು ಗೂಡಲೂರು ದಾರಿಯಲ್ಲಿ ಕೇರಳಕ್ಕೆ ಹೋಗುತ್ತಾನೆ. ಅವನಿಗಿಂತ ಮೊದಲಿದ್ದ ಡ್ರೈವರ್ ಏರಿನಲ್ಲಿ ಆಕ್ಸಿಲರೇಟರ್ ತುಳಿದು ತುಳಿದು ಇಂಜಿನ್ನೇ ಸುಟ್ಟುಬಿಟ್ಟಿದ್ದನಂತೆ. ಅದಕ್ಕೇ ಯಜಮಾನರು ಸ್ಟೇರಿಂಗ್ ಪಕ್ಕ ಒಂದು ಮೀಟರು ಹಾಕಿಸಿದ್ದರು. ಇಂಜಿನ್ನಿಂದ ಹೊರಗೆ ಬರುವ ಹೊಗೆ ಎಷ್ಟು ಕಾದಿದೆ ಅಂತ ಅದು ತೋರಿಸುತ್ತದೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಕೇಡು ಅಂತ ತಿಳಿಯೋಕೆ ಇಸ್ಕೂಲು ಬೇಕಿಲ್ಲ.

ಹೋದ ವರ್ಷ ಆಯುಧ ಪೂಜೆ ಮುಗಿದ ಮೇಲೆ ಆ ಮುಳ್ಳು ಕೆಂಪು ಮುಟ್ಟೋಕೆ ಶುರುವಾಯಿತು. ಸಮ ರಸ್ತೆಯಲ್ಲಿ ತೆಪ್ಪಗಿರೋದು, ಲೋಡು ಹೊತ್ತು ಏರು ಹತ್ತಿದರೆ ಮೇಲಕ್ಕೆ. ಅಳಿಯ ನಿಲ್ಲಿಸೋನು, ಆರೋಕೆ ಬಿಡೋನು, ಮತ್ತೆ ಹತ್ತಿಸೋನು. ಮಾರ್ಕೆಟ್ಟಿಗೆ ಲೇಟು. ಮೂರು ಸಲ ಹೀಗಾದ ಮೇಲೆ ಯಜಮಾನರು ಹೇಳಿಬಿಟ್ಟರು: "ನೀನೂ ಅವನಂಗೇ ತುಳೀತಿದ್ದೀಯ ಕಣಯ್ಯ. ಮೀಟರ್ ಕೆಟ್ಟಿದ್ರೆ ಸರಿ ಮಾಡಿಸ್ಕೊಂಡು ಬಾ. ಮೀಟರ್ ಸರಿಯಾಗಿದ್ರೆ ಕೀ ಇಟ್ಬುಟ್ಟು ಓಗು."

ಕೋಳಿ ಅಡ್ಡ ಬಂದರೂ ನಿಲ್ಲಿಸಿ, ಅದು ದಾಟೋವರೆಗೂ ಕಾಯೋನು ನನ್ನ ಅಳಿಯ. ಅಂಥೋನು ಇಂಜಿನ್ ಸುಡ್ತಾನಾ? ಆದರೆ ಬಾಯಿಲ್ಲ. ಬಾಯಿಲ್ಲದೋನ ಜೊತೆಗೆ ಬಾಯಿರೋರು ಒಬ್ಬರಿರಲಿ ಅಂತ ನಾನೂ ಲಾರಿ ಹತ್ತಿದೆ.

ಗುಂಡ್ಲುಪೇಟೆಯ ಗ್ಯಾರೇಜಿನ ಮೆಕ್ಯಾನಿಕ್ ಕೇರಳದ ಕಡೆಯೋನು. ಮೊದಲು ಮೀಟರಿನ ವೈರು ಹಿಡಿದು ಕೊನೇವರೆಗೂ ತಡವಿದ. ಎಲ್ಲೂ ಸವೆದಿಲ್ಲ, ಸುಟ್ಟಿಲ್ಲ. ಜಾಯಿಂಟು ಬಿಚ್ಚಿ, ತಿಕ್ಕಿ, ಬಿಗಿದ. ಆಮೇಲೆ ಹೊಗೆ ಪೈಪಿಗೆ ಚುಚ್ಚಿದ್ದ ಬೆರಳುದ್ದದ ಕಡ್ಡಿ ಬಿಚ್ಚಿ ತೆಗೆದ. ಶಾಖ ಅಳೆಯೋದು ಅದೇ ಅಂತೆ.

"ಅಮ್ಮೇ, ಆ ಟೀ ಅಂಗಡೀಲಿ ಕುದಿಯೋ ನೀರು ಈಸ್ಕೊಂಡು ಬನ್ನಿ."

"ಯಾಕಪ್ಪ, ಟೀ ಮಾಡ್ತೀಯಾ?"

"ಈ ಕಡ್ಡಿಗೆ ಕುಡಿಸ್ತೀನಿ. ಕುದಿಯೋ ನೀರು ನೂರು. ಮುಳ್ಳು ನೂರಕ್ಕೆ ಬಂದ್ರೆ ಮೀಟರ್ ಸರಿ ಇದೆ ಅಂತ."

ಟೀ ಅಂಗಡಿಯೋನ ಒಲೆ ಮೇಲಿದ್ದ ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ತಂದೆ. ಮೆಕ್ಯಾನಿಕ್ ಕಡ್ಡಿ ಅದ್ದಿದ. ಅಳಿಯ ಕ್ಯಾಬಿನ್‌ನಲ್ಲಿ ಕೂತು ಮೀಟರ್ ನೋಡುತ್ತಿದ್ದ. ಮೀಟರು ಕೆಟ್ಟಿರಲಿ ಅಂತ ನಾನು ಮನೆದೇವರಿಗೆ ಕೈಮುಗಿದೆ. ವಸ್ತು ಕೆಟ್ಟಿರಲಿ ಅಂತ ಹರಕೆ ಹೊತ್ತದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ನೂರು," ಅಂದ ಅಳಿಯ. ಅವನ ಮುಖ ನೋಡೋಕಾಗಲಿಲ್ಲ.

ಮೆಕ್ಯಾನಿಕ್ ಪಾತ್ರೆ ಕೆಳಗಿಟ್ಟ. "ಏರಲ್ಲಿ ಹೊಗೆ ಕಪ್ಪಗೆ ಬರ್ತದಾ?"

"ಬರ್ತದಣ್ಣ."

"ಹಂಗಾದ್ರೆ ಮೀಟರ್ ನಿಜಾನೇ ಹೇಳ್ತಿದೆ. ಇಂಜಿನ್ನಿಗೆ ಉಸಿರು ಸಾಲ್ತಿಲ್ಲ." ಏರ್ ಫಿಲ್ಟರ್ ಬಿಚ್ಚಿದ. ಒಳಗೆ ಒಣಗಿದ ಚೆಂಡು ಹೂವಿನ ಎಸಳು, ಗೂಡು ಕಟ್ಟಿದಂಗೆ. ತಲೆ ಎತ್ತಿ ಕ್ಯಾಬಿನ್ ಹಿಂದೆ ನೆಟ್ಟಗೆ ನಿಂತಿದ್ದ, ಇಂಜಿನ್ನಿಗೆ ಗಾಳಿ ಎಳೆಯೋ ಪೈಪಿನ ಬಾಯಿ ನೋಡಿದ. "ಅಯ್ಯೋ, ಇದಕ್ಕೆ ಹಾರ ಕಟ್ಟಿದ್ದು ಯಾರು?"

ನಾನೇ. ಪೂಜೆ ದಿನ ಆ ಪೈಪು ಒಳ್ಳೆ ಕತ್ತಿನಂಗೆ ಕಂಡಿತ್ತು. ನಮ್ಮ ಹೊಲದ ಹೂವು, ಎರಡು ಮಾರು ಹಾರ, ಗಾಳಿಗೆ ಕಿತ್ತು ಹೋಗದಿರಲಿ ಅಂತ ಮೇಲೆ ಕೆಂಪು ಬಟ್ಟೆ ಬೇರೆ ಸುತ್ತಿ ಬಿಗಿದಿದ್ದೆ. ಪೂಜೇಲಿ ಕಟ್ಟಿದ್ದು ತಾನಾಗಿ ಉದುರಬೇಕು, ಕೈಯಾರೆ ಬಿಚ್ಚಬಾರದು ಅಂತ ಅಳಿಯನಿಗೆ ಹೇಳಿದೋಳೂ ನಾನೇ. ದಿನಾ ಅದರ ಮುಂದೆ ಓಡಾಡಿದರೂ ಅವನು ಮುಟ್ಟಿರಲಿಲ್ಲ.

ಅಳಿಯ ನನ್ನ ಹತ್ತಿರ ಬಂದು ಮೆಲ್ಲಗೆ, "ನಾನೇ ಕಟ್ಟಿದ್ದು ಅಂತ ಯಜಮಾನ್ರಿಗೆ ಯೋಳ್ಬುಡ್ತೀನಿ ಅತ್ತೆ. ನೀವು ಸುಮ್ಕಿರಿ," ಅಂದ.

"ಕೆಲ್ಸ ಓಗೋ ಒತ್ನಲ್ಲಿ ನನ್ ಮರ್ಯಾದೆ ಉಳ್ಸಾಕ್ ಬಂದ್ಬುಟ್ಟ! ಫೋನ್ ಹಚ್ಚು," ಅಂದೆ.

ಯಜಮಾನರಿಗೆ ಇದ್ದದ್ದು ಇದ್ದಂಗೆ ಹೇಳಿದೆ.

"ಅಲ್ಲಜ್ಜಿ, ಹಾರ ಹಾಕಾಕೆ ನಿಮಗೆ ಬೇರೆ ಜಾಗ ಸಿಗ್ಲಿಲ್ವಾ?"

"ಲಾರಿಗೆ ಮೂಗು ಎಲ್ಲದೆ ಅಂತ ನನಗೇನ್ ಗೊತ್ತು ಸ್ವಾಮಿ? ತಪ್ಪು ನಂದು. ಹುಡುಗ ತುಳ್ದಿಲ್ಲ."

"ಆಯ್ತು, ಫಿಲ್ಟರ್ ಬದಲಾಯಿಸ್ಲಿ. ನಾಳೆ ಲೋಡು ಹಾಕ್ಕೊಂಡು ಗೂಡಲೂರು ಏರು ಹತ್ಲಿ. ಮುಳ್ಳು ಏಳದಿದ್ರೆ ಕೀ ಅವನತ್ರಾನೇ ಇರ್ಲಿ."

ಮೆಕ್ಯಾನಿಕ್ ಬಟ್ಟೆ, ಹಾರ ಕತ್ತರಿಸಿ ಕೈಗೆ ಕೊಟ್ಟ. ಪೂಜೆ ಹೂವು ದಾರಿಯಲ್ಲಿ ಹಾಕಬಾರದು, ಮನೆಗೆ ತಂದು ಬಾವಿ ಪಕ್ಕದ ತೆಂಗಿನ ಬುಡಕ್ಕೆ ಹಾಕಿದೆ.

ಮಾರನೇ ದಿನ ಮಗಳು ಫೋನನ್ನು ಅಂಗೈಲೇ ಇಟ್ಟುಕೊಂಡು ಓಡಾಡುತ್ತಿದ್ದಳು. ಅಡುಗೆಗೆ ಉಪ್ಪು ಎರಡು ಸಲ ಹಾಕಿದಳು, ನಾನು ಬಯ್ಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಅವಳು ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟಳು.

"ಅತ್ತೆ, ಏರು ಹತ್ತಿ ಮೇಲ್ಗಡೆ ನಿಲ್ಸಿವ್ನಿ. ಮುಳ್ಳು ಕೆಂಪಿನ ಹತ್ರಾನೂ ಓಗ್ಲಿಲ್ಲ. ಯಜಮಾನ್ರಿಗೂ ಯೋಳ್ದೆ..." ಆಮೇಲೆ ಅವನು ಮೂಗು ಎಳೆಯೋದು ಕೇಳಿಸಿತು.

"ಅಳ್ತಾ ನಿಂತ್ಕೊಬ್ಯಾಡ," ಅಂದೆ. "ಕೋಸು ಬಾಡ್ತದೆ. ಓಗು."