ಲಿಫ್ಟ್ ಹೋದಮೇಲೆ ತೆಗೆದ ಅಳತೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಮೀಟರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಮೀಟರುಗಳ ಮುಂದೆ ಕೂತವನನ್ನು ಇನ್ನೇನೆಂದು ಕರೆಯಬೇಕು ಹೇಳಿ. ದೊಡ್ಡ ಓದಿನವರು ಬಂದರು, ಹೋದರು. ಇವನು ಮಾತ್ರ ಅದೇ ಸ್ಟೂಲಿನ ಮೇಲೆ. ಅವನು ಬರೆದ ಅಂಕಿಯೆಂದರೆ ಎರಡು ಮಾತಿಲ್ಲ ಎಂಬ ಹೆಸರಿತ್ತು. ಆ ಹೆಸರನ್ನು ಕೈಯಾರೆ ಮಣ್ಣುಪಾಲು ಮಾಡಿಕೊಂಡನಲ್ಲ, ಅದಕ್ಕೆ ನನಗೆ ಅವನ ಮೇಲೆ ಸಿಟ್ಟಿದೆ. ಪಾಪ ಎಂದೂ ಅನ್ನಿಸುತ್ತದೆ, ಆದರೆ ಅದು ಆಮೇಲೆ.

ಆ ವರ್ಷ ಕೈಗೆತ್ತಿಕೊಂಡಿದ್ದು ಕ್ರೇನ್ ಓಡಿಸುವವರ, ಕೆಳಗೆ ಕೊಕ್ಕೆ ಹಾಕುವವರ ಕಿವಿಗೆ ಸಿಕ್ಕಿಸುವ ವೈರಿಲ್ಲದ ಹೆಡ್‌ಫೋನಿನ ಕೆಲಸ. ಸಿಕ್ಕ ತರಂಗಪಟ್ಟಿ ಗೇಣುದ್ದ, ಮಾತಾಡುವವರು ನಲವತ್ತು ಜನ. ಮಾತನ್ನು ಚೂರು ಚೂರು ಮಾಡಿ, ನೂರಾರು ಸಣ್ಣ ತರಂಗಗಳ ಮೇಲೆ ಒಟ್ಟಿಗೇ ಹೊರಿಸಿ ಕಳಿಸುತ್ತಾರೆ. ಒಂದು ಕಂತು ಹೋಗಿ ಇನ್ನೊಂದು ಹೊರಡುವ ಮೊದಲು ಚಿಕ್ಕದೊಂದು ಬಿಡುವು. ಗೋಡೆಗೋ ಕಬ್ಬಿಣಕ್ಕೋ ಬಡಿದು ತಡವಾಗಿ ಬರುವ ಪ್ರತಿಧ್ವನಿ ಅಷ್ಟರಲ್ಲಿ ಅಡಗಲಿ ಎಂದು. ಬಿಡುವಿನಲ್ಲಿ ಮಾತು ಹೋಗುವುದಿಲ್ಲ, ಅಷ್ಟೂ ಹೊತ್ತು ದಂಡ. ಅದನ್ನು ಅರ್ಧಕ್ಕಿಳಿಸಿದರೆ ಅದೇ ಪಟ್ಟಿಯಲ್ಲಿ ಇನ್ನಷ್ಟು ಜನರ ಮಾತು ಹಿಡಿಸಬಹುದೆಂದು ಮುಖ್ಯಸ್ಥೆ ಮೇಡಂ ಲೆಕ್ಕ ಹಾಕಿದ್ದರು. ಅರ್ಧ ಬಿಡುವಿನಲ್ಲಿ ಪ್ರತಿಧ್ವನಿ ಅಡಗುತ್ತದೋ ಇಲ್ಲವೋ ಅಳೆದು ಹೇಳುವುದು ಮೀಟರಣ್ಣನ ಪಾಲಿಗೆ ಬಂತು.

ಉದ್ದನೆಯ ಓಣಿಯ ಈ ತುದಿಯಲ್ಲಿ ಅವನ ಮೇಜು, ಆ ತುದಿಯಲ್ಲಿ ಸಾಮಾನು ಸಾಗಿಸುವ ಹಳೆಯ ಲಿಫ್ಟ್. ಅದರ ಉಕ್ಕಿನ ಡಬ್ಬ ಆ ಮಹಡಿಗೆ ಬಂದು ನಿಂತಾಗಲೆಲ್ಲ ಅಳತೆ ಕೆಡುತ್ತಿತ್ತು. ಮೊದಲ ದಿನ ಅವನು ಬೈದುಕೊಂಡು ಮತ್ತೆ ತೆಗೆದ. ಎರಡನೆಯ ದಿನ ಲಿಫ್ಟ್ ಹೋಗಲಿ ಎಂದು ಕಾದ. ಮೂರನೆಯ ದಿನದ ಹೊತ್ತಿಗೆ ಕೈ ತಾನಾಗಿಯೇ ಗುಂಡಿಯ ಮೇಲೆ ಕಾಯತೊಡಗಿತು: ಲಿಫ್ಟ್ ಇಳಿಯಿತು, ಒತ್ತು. ಅಂಕಿಗಳು ಮುತ್ತಿನಂತೆ ಬಂದವು. ಲಿಫ್ಟಿನ ವಿಷಯ ಅವನು ಪುಸ್ತಕದಲ್ಲಿ ಬರೆಯಲಿಲ್ಲ.

ಗೊತ್ತಿರಲಿಲ್ಲವೇ? ಗೊತ್ತಿತ್ತು ಕಣ್ರೀ. ಉಕ್ಕು ಕಂಡರೆ ಪ್ರತಿಧ್ವನಿ ಉದ್ದವಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಮೇಡಂ ಬೆನ್ನು ತಟ್ಟಿ, "ಈ ಸಲ ಪ್ರಬಂಧದಲ್ಲಿ ನಿಮ್ಮ ಹೆಸರೂ ಇರುತ್ತೆ" ಅಂದಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ.

ಅಚ್ಚಾದ ಪುಟವನ್ನು ಅಕ್ಕನಿಗೆ ಕೊಟ್ಟ. ತಾಯಿ ಹೋದಮೇಲೆ ಅವನನ್ನು ಸಾಕಿದವಳು ಅವಳೇ. ಉಕ್ಕಿನ ಕೊಳವೆಗಳ ಗೋದಾಮಿನಲ್ಲಿ ಮೂವತ್ತಡಿ ಮೇಲೆ, ಗಾಜಿನ ಗೂಡಿನಲ್ಲಿ ಕೂತು ಕ್ರೇನ್ ಓಡಿಸುತ್ತಿದ್ದಳು. ಅವಳ ಕಿವಿಯ ಬಗ್ಗೆ ಗೋದಾಮಿನವರಿಗೆ ಭಯ: ಕೆಳಗೆ ಯಾರಾದರೂ ಅವಳ ಮೇಲೆ ಗೊಣಗಿಕೊಂಡರೆ ಮೇಲಿನಿಂದ ತಕ್ಕ ಉತ್ತರ ಇಳಿಯುತ್ತಿತ್ತು. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಕೇಳಿದವಳಲ್ಲ. ಪುಟಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯಲ್ಲಿ ತೂಗುಹಾಕಿ, ಬಂದವರಿಗೆಲ್ಲ ತೋರಿಸಿದಳು.

ಆರು ತಿಂಗಳಿಗೆ ಆ ಹೆಡ್‌ಫೋನುಗಳು ಅವಳ ಗೋದಾಮಿಗೇ ಬಂದವು. ಒಂದು ಮಧ್ಯಾಹ್ನ ಕೊಕ್ಕೆಯವನು ಮೂರು ಸಲ "ನಿಲ್ಸು" ಅಂದ. ಕ್ರೇನ್ ನಿಲ್ಲಲಿಲ್ಲ. ಕೊಳವೆಯ ಕಟ್ಟು ತೂಗಾಡಿ ಬಂದು ರಾಶಿಗೆ ಬಡಿಯಿತು. ಪಕ್ಕಕ್ಕೆ ಹಾರಿದ ಕೊಕ್ಕೆಯವನ ಕೈ ಮುರಿಯಿತು. ಅಕ್ಕನನ್ನು ಕೆಲಸದಿಂದ ದೂರವಿಟ್ಟು ವಿಚಾರಣೆ ಇಟ್ಟರು.

ಸುದ್ದಿ ಕೇಳಿದೊಡನೆ ಮೀಟರಣ್ಣನ ಕಣ್ಣಿಗೆ ಬಂದದ್ದು ಆ ಲಿಫ್ಟಿನ ಡಬ್ಬ. ನಾಲ್ಕು ಗೋಡೆಯೂ ಉಕ್ಕೇ ಆಗಿರುವ ಜಾಗದಲ್ಲಿ ಕಂತಿನ ಮೇಲೆ ಕಂತು ಕಲಸಿ ಮಾತು ಮಣ್ಣಾಗದೆ ಇನ್ನೇನಾಗುತ್ತದೆ? ಮುಖ ಎತ್ತಲಾರದಷ್ಟು ನಾಚಿಕೆಯಾಯಿತು. ಆದರೂ ಮೂರು ದಿನ ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ, ಅಷ್ಟು ಪುಕ್ಕಲ. ನಾಲ್ಕನೆಯ ದಿನ ಹೋದ. ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅವನ ಹೆಸರು ಗೋಡೆಯ ಮೇಲೆ ಹಾಗೇ ಇತ್ತು.

"ಅಕ್ಕ, ತಪ್ಪು ನಿಂದಲ್ಲ, ನಂದು" ಎಂದು ಶುರುಮಾಡಿ ಲಿಫ್ಟಿನ ಕತೆಯನ್ನೆಲ್ಲ ಹೇಳಿದ. ಅವಳು ಪಾತ್ರೆ ಕೆಳಗಿಟ್ಟಳು.

"ನಿನ್ನೆನೇ ವಿಚಾರಣೆಯವರಿಗೆ ಬರೆದುಕೊಟ್ಟು ಬಂದ್ನಲ್ಲೋ" ಅಂದಳು.

"ಏನಂತ?"

"ನನ್ನ ಕಿವಿ ಮಂದ ಆಗಿದೆ ಅಂತ. ಬರೀ ಗೊರಗೊರ ಅಂತಿತ್ತು, ಮಾತೇ ಇರ್ಲಿಲ್ಲ. ಯಂತ್ರ ಕೆಟ್ಟಿದ್ಯಾ ಅಂತ ಅವರೇ ಕೇಳಿದ್ರು. ಇಲ್ಲ, ನನ್ನ ತಮ್ಮ ಅಳೆದಿರೋದು, ಅದು ಕೆಡಲ್ಲ, ಕಿವಿನೇ ಹೋಗಿರ್ಬೇಕು ಅಂದೆ."

ಅವನಿಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರನೆಯ ದಿನ ವಿಚಾರಣೆಯ ಕೋಣೆಗೆ ಹೋಗಿ, ಮೇಡಂ ಎದುರಿಗೇ, ಲಿಫ್ಟ್ ಬಂದಾಗಿನ ಅಳತೆಗಳನ್ನು ತಾನು ಬಿಟ್ಟದ್ದನ್ನು ಹೇಳಿದ. "ನಾವ್ಯಾರೂ ಹಾಗೆ ಮಾಡಿ ಅಂದಿರಲಿಲ್ಲ" ಎಂದರು ಮೇಡಂ. "ಅಂದಿರಲಿಲ್ಲ ಮೇಡಂ, ನಾನೇ ಮಾಡಿದ್ದು" ಎಂದ. ಪ್ರಬಂಧವನ್ನು ಹಿಂದಕ್ಕೆ ಪಡೆದರು. ಬಿಡುವನ್ನು ಮೊದಲಿನಷ್ಟೇ ಉದ್ದ ಮಾಡಿದರು. ಅಕ್ಕನ ಕಿವಿ ಪರೀಕ್ಷೆಯಾಯಿತು. ಇಪ್ಪತ್ತರ ಹುಡುಗಿಯ ಕಿವಿ ಎಂದು ವೈದ್ಯರು ನಕ್ಕರು. ಅವಳನ್ನು ಕೆಲಸಕ್ಕೆ ವಾಪಸು ಕರೆದರು. ಮೀಟರಣ್ಣನನ್ನು ಉಗ್ರಾಣಕ್ಕೆ ಹಾಕುವುದೆಂದಾಯಿತು, ಆದರೆ ಅದಕ್ಕೆ ಮೊದಲು ಗೋದಾಮಿನಲ್ಲೇ ಕೂತು, ಕ್ರೇನ್ ಓಡುತ್ತಿರುವಾಗಲೇ ಎಲ್ಲವನ್ನೂ ಹೊಸದಾಗಿ ಅಳೆದು ಕೊಡಬೇಕೆಂದರು.

ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಂಬದ ಬುಡದಲ್ಲಿ ಮೀಟರು ಇಟ್ಟುಕೊಂಡು ಕೂತ. ಒಂದು ಅಳತೆಯನ್ನೂ ಬಿಡದೆ ಬರೆದುಕೊಂಡ. ಮೇಲೆ ಕ್ರೇನ್ ಹೊರಟಿತು. ಹೊಸ ಕೊಕ್ಕೆಯವನು "ನಿಲ್ಸು" ಅಂದ. ಮಾತು ಗಂಟೆ ಹೊಡೆದಷ್ಟು ಸ್ಪಷ್ಟ. ಕ್ರೇನ್ ಗಕ್ಕನೆ ನಿಂತಿತು.

ಆಮೇಲೆ ಅಕ್ಕನ ದನಿ ಕೇಳಿಸಿತು, ಮೆಲ್ಲಗೆ: "ಏನಂದ್ಯಪ್ಪ? ನಿಲ್ಸು ಅಂದ್ಯಾ?"

"ಹೂಂ ಅಕ್ಕ, ನಿಲ್ಸು ಅಂದೆ" ಎಂದ ಕೊಕ್ಕೆಯವನು.

"ಸರಿ. ಇನ್ನೊಂದ್ಸಲ ಹೇಳು."

ಮೀಟರಣ್ಣ ತಲೆ ತಗ್ಗಿಸಿ ಅಂಕಿ ಬರೆದುಕೊಂಡ. ಸಂಜೆಯವರೆಗೂ ಅವಳು ಪ್ರತಿ ಮಾತನ್ನೂ ಎರಡೆರಡು ಸಲ ಕೇಳಿದಳು.